ಕೂರುತ್ತದೆ, ಆದರೆ ಏಳುವುದಿಲ್ಲ

ಪ್ರೊಸೆಸರ್ ಮತ್ತು ಮದರ್‌ಬೋರ್ಡ್ ತಯಾರಿಸುವ ಮಹಾಶಯರೇ,

ತಮ್ಮ ಸಾಧನೆಯನ್ನು ನಾಲ್ಕು ಜನರ ಮುಂದೆ ಹೊಗಳದಿದ್ದರೆ ಕೃತಘ್ನತೆಯಾದೀತೆಂದು ಈ ಪತ್ರ. ಒಂದು ವಸ್ತು ಇನ್ನೊಂದರೊಳಗೆ ಚಾಚೂತಪ್ಪದೆ ಕೂತರೆ ಅವೆರಡೂ ಒಂದಕ್ಕೊಂದು ಹೊಂದುತ್ತವೆ ಎಂಬ ಮೂಢನಂಬಿಕೆ ಲೋಕದಲ್ಲಿ ಬಹುಕಾಲದಿಂದ ಬೇರೂರಿತ್ತು. ಅದನ್ನು ಬುಡಸಮೇತ ಕಿತ್ತೆಸೆದ ಕೀರ್ತಿ ತಮಗೇ ಸಲ್ಲಬೇಕು.

ಇಂಟೆಲ್‌ನವರ ಎಲ್‌ಜಿಎ 1151 ಸಾಕೆಟ್ಟನ್ನೇ ನೋಡಿ. 2015ರಲ್ಲಿ ಸ್ಕೈಲೇಕ್ ಪ್ರೊಸೆಸರುಗಳ ಜೊತೆ ಬಂತು, 2017ರ ಆರಂಭದ ಕೇಬಿ ಲೇಕ್‌ಗೂ ಒದಗಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಕಾಫಿ ಲೇಕ್ ಬಂದಾಗಲೂ ಅದೇ 1151 ಪಿನ್ನು, ಅದೇ ಅಳತೆ, ಅಂಚಿನಲ್ಲಿ ಅದೇ ಕಚ್ಚುಗಳು. ಸಾಕೆಟ್ಟಿನ ಸರಳೆತ್ತಿ, ಮೂಲೆಯ ಪುಟ್ಟ ತ್ರಿಕೋನದ ಗುರುತು ಹೊಂದಿಸಿ ಇಳಿಸಿದರೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂರುತ್ತದೆ. ಆದರೆ ಹಳೆಯ ಝಡ್170, ಝಡ್270 ಬೋರ್ಡುಗಳಲ್ಲಿ ಕೂತದ್ದು ಏಳುವುದಿಲ್ಲ. ಅದಕ್ಕೆ ಝಡ್370 ಎಂಬ ಹೊಸ ಬೋರ್ಡೇ ಬೇಕು. ನಾಲ್ಕರ ಬದಲು ಆರು ಕೋರ್ ಬಂದಾಗ ಹೆಚ್ಚು ವಿದ್ಯುತ್ ಬೇಕಾಯಿತು, ಅದನ್ನು ಒಯ್ಯುವ ಪಿನ್ನುಗಳನ್ನು 128ರಿಂದ 146ಕ್ಕೆ ಏರಿಸಿದೆವು ಎಂಬುದು ತಮ್ಮ ಸಮಜಾಯಿಷಿ. ಒಪ್ಪೋಣ, ಎಂಜಿನಿಯರುಗಳ ಮಾತಿಗೆ ಬೆಲೆ ಕೊಡಲೇಬೇಕು. ಅಷ್ಟರಲ್ಲಿ ಹವ್ಯಾಸಿಗಳು ಬೋರ್ಡನ್ನು ಎಬ್ಬಿಸುವ ಬಯೋಸ್ ತಂತ್ರಾಂಶವನ್ನು ತಿದ್ದಿ ಕಾಫಿ ಲೇಕನ್ನು ಹಳೆಯ ಬೋರ್ಡುಗಳಲ್ಲೇ ಓಡಿಸಿ ತೋರಿಸಿಬಿಟ್ಟರು. ಅದು ಎಲ್ಲ ಬೋರ್ಡಿಗೂ ಕ್ಷೇಮವೆಂದು ನಾನು ವಾದಿಸುವುದಿಲ್ಲ. ನನ್ನ ತಕರಾರು ಬೇರೆ: ಒಳಗಿನ ಸಂಪರ್ಕ ಬದಲಾದ ಮೇಲೆ ಹೊರಗಿನ ಹೆಸರೂ ಕಚ್ಚೂ ಯಾಕೆ ಬದಲಾಗಲಿಲ್ಲ? ಕಚ್ಚಿನ ಜಾಗ ಬದಲಿಸುವುದು ತಮಗೆ ಬಾರದ ವಿದ್ಯೆಯೇನಲ್ಲ. 2020ರ ಎಲ್‌ಜಿಎ 1200ರಲ್ಲಿ ಅದನ್ನೇ ಮಾಡಿದಿರಿ, ಹಳೆಯ ಚಿಪ್ಪು ಅದರೊಳಗೆ ಇಳಿಯುವುದೇ ಇಲ್ಲ. ಆ ಸಾಕೆಟ್ಟಿನಲ್ಲೂ ಬೇಸರವಾಗದಿರಲೆಂದು ಹೆಚ್410, ಬಿ460 ಚಿಪ್‌ಸೆಟ್‌ಗಳನ್ನು ಹನ್ನೊಂದನೇ ತಲೆಮಾರಿನ ಪ್ರೊಸೆಸರುಗಳ ಪಂಕ್ತಿಯಿಂದ ಎಬ್ಬಿಸಿದಿರಿ, ಅದು ಬೇರೆ ಮಾತು.

ಎಎಂಡಿಯವರು ಇದನ್ನೋದಿ ಮೀಸೆ ತಿರುವಬೇಕಿಲ್ಲ. ಎಎಂ4 ಸಾಕೆಟ್ಟನ್ನು ವರ್ಷಗಟ್ಟಲೆ ಉಳಿಸಿಕೊಂಡಿರಿ, ಆ ಹೊಗಳಿಕೆಗೆ ಅರ್ಹರೇ. ಆದರೆ 2018ರಲ್ಲಿ ಹೊಸ ರೈಝೆನ್ ಪ್ರೊಸೆಸರ್ ಕೊಂಡ ಕೆಲವರ ಬೋರ್ಡಿನಲ್ಲಿ ಹಳೆಯ ಬಯೋಸ್ ಇದ್ದು, ಅದನ್ನು ಅಪ್‌ಡೇಟ್ ಮಾಡಲು ಮೊದಲು ಓಡುವ ಪ್ರೊಸೆಸರೊಂದು ಬೇಕಾಯಿತು. ಬೀಗದ ಕೈಯನ್ನು ಪೆಟ್ಟಿಗೆಯೊಳಗೇ ಇಟ್ಟು ಬೀಗ ಜಡಿದಂತಾಯಿತು. ಆಗ ತಾವು ಕಡಿಮೆ ಬೆಲೆಯ ಪ್ರೊಸೆಸರೊಂದನ್ನು ಕಡ ಕೊಟ್ಟು ವಾಪಸು ಪಡೆಯುವ ‘ಬೂಟ್ ಕಿಟ್’ ಯೋಜನೆ ತಂದಿರಿ, ಔದಾರ್ಯವೇ ಸರಿ. 2020ರ ಮೇ ತಿಂಗಳಲ್ಲಿ, ಬಿ450 ಮತ್ತು ಎಕ್ಸ್470 ಬೋರ್ಡುಗಳಲ್ಲಿ ಮುಂದಿನ ರೈಝೆನ್ ಓಡದು, ಬಹುತೇಕ ಬೋರ್ಡುಗಳ ಬಯೋಸ್ ಚಿಪ್ಪಿನ 16 ಎಂಬಿ ಜಾಗ ಸಾಲದು ಎಂದಿರಿ. ಗಿರಾಕಿಗಳು ಗಲಾಟೆ ಮಾಡಿದರು. ಅದೇ ತಿಂಗಳೊಳಗೆ ತೀರ್ಮಾನ ಬದಲಾಯಿತು. 2022ರಲ್ಲಂತೂ ಇನ್ನೂ ಹಳೆಯ 300 ಸರಣಿಯ ಬೋರ್ಡುಗಳಿಗೂ ಅಪ್ಪಣೆ ಸಿಕ್ಕಿತು. ಎಂಬಿಗಳು ಬೈಗುಳಕ್ಕೆ ಹಿಗ್ಗುತ್ತವೆ ಎಂಬುದು ಭೌತಶಾಸ್ತ್ರಕ್ಕೆ ತಮ್ಮ ಕೊಡುಗೆ. ಹಳೆಯ ಕೆಲವು ಪ್ರೊಸೆಸರುಗಳ ಬೆಂಬಲ ತೆಗೆದರೆ ಹೊಸದಕ್ಕೆ ಜಾಗವಾಗುತ್ತದೆ ಎಂಬ ಸರಳ ಲೆಕ್ಕ ಮೊದಲ ದಿನವೇ ತಿಳಿದಿರಲಿಲ್ಲವೆಂದರೆ ನಂಬುವುದು ಕಷ್ಟ.

‘ಕೊಳ್ಳುವ ಮುನ್ನ ನಮ್ಮ ಬೆಂಬಲ ಪಟ್ಟಿ ನೋಡಬೇಕಿತ್ತು’ ಎನ್ನುತ್ತೀರಿ. ನೋಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಂಥ ಪ್ರೊಸೆಸರಿಗೆ ಇಂಥ ಆವೃತ್ತಿಯ ಬಯೋಸ್ ಬೇಕು ಎಂದಷ್ಟೇ ಆ ಪಟ್ಟಿ ಹೇಳುತ್ತದೆ. ಬೆಂಗಳೂರಿನ ಎಸ್‌.ಪಿ. ರೋಡಿನ ಅಂಗಡಿಯಲ್ಲಿ ಮುಂದಿಟ್ಟ ಡಬ್ಬಿಯೊಳಗೆ ಯಾವ ಆವೃತ್ತಿ ಇದೆ ಎಂಬುದನ್ನು ಅದು ಹೇಗೆ ಹೇಳೀತು? ಗೋಡೌನಿನಲ್ಲಿ ಎಷ್ಟು ಕಾಲ ಮಲಗಿತ್ತೋ ಯಾರಿಗೆ ಗೊತ್ತು. ಮನೆಗೆ ತಂದು ಜೋಡಿಸಿದರೆ ಫ್ಯಾನು ತಿರುಗುತ್ತದೆ, ಬಣ್ಣದ ದೀಪ ಮಿನುಗುತ್ತದೆ, ಡಿಸ್‌ಪ್ಲೇ ಮಾತ್ರ ಬರುವುದಿಲ್ಲ. ಕೆಟ್ಟದ್ದು ರ‍್ಯಾಮೋ, ಪವರ್ ಸಪ್ಲೈಯೋ, ಚಿಪ್ಪೋ ಎಂದು ಒಂದೊಂದನ್ನೇ ಬಿಚ್ಚುವಾಗ ಸಾಕೆಟ್ಟಿನ ಪಿನ್ನೊಂದು ಬಾಗಿದರೆ ತಪ್ಪು ಗಿರಾಕಿಯದೇ. ಪ್ರೊಸೆಸರಿಲ್ಲದೆಯೂ ಪೆನ್‌ಡ್ರೈವಿನಿಂದ ಬಯೋಸ್ ತುಂಬುವ ಗುಂಡಿಯನ್ನು ಕೆಲವು ಬೋರ್ಡುಗಳ ಹಿಂಭಾಗದಲ್ಲಿ ಕೊಟ್ಟಿದ್ದೀರಿ ನಿಜ. ಆದರೆ ಅಗ್ಗದ ಬೋರ್ಡು ಕೊಳ್ಳುವವನಿಗೆ, ಅಂದರೆ ಹಳೆಯ ಪ್ರೊಸೆಸರೊಂದನ್ನು ಕಪಾಟಿನಲ್ಲಿಟ್ಟುಕೊಳ್ಳುವ ಅನುಕೂಲವಿಲ್ಲದವನಿಗೆ, ಅನೇಕ ವೇಳೆ ಅದು ಸಿಗುವುದಿಲ್ಲ.

ಹಾಗಾಗಿ ಬೇಡಿಕೆ ಎರಡೇ. ವಿದ್ಯುತ್ ಸಂಪರ್ಕ ಬದಲಾದರೆ ಕಚ್ಚು ಬದಲಿಸಿ, ಹೆಸರನ್ನೂ ಬದಲಿಸಿ. ಡಬ್ಬಿಯ ಹೊರಗೆ, ಸೀಲ್ ಒಡೆಯದೆ ಓದುವಂತೆ, ಒಳಗಿರುವ ಬಯೋಸ್ ಆವೃತ್ತಿಯನ್ನು ಮುದ್ರಿಸಿ. ಇಂಥ ಪ್ರೊಸೆಸರಿಗೆ ಸಿದ್ಧ ಎಂಬ ಚೀಟಿಯನ್ನು ಡಬ್ಬಿಯ ಮೇಲೆ ಆಗಾಗ ಅಂಟಿಸಿದ್ದೀರಿ, ಆದ್ದರಿಂದ ಗೋಂದಿನ ಕೊರತೆಯ ನೆಪ ನಡೆಯದು. ಜಾಗದ ಕೊರತೆಯಿದ್ದರೆ ಬಣ್ಣದ ದೀಪಗಳ ಗುಣಗಾನ ಮಾಡುವ ಸಾಲೊಂದನ್ನು ತೆಗೆಯಬಹುದು.

ಇಂತಿ,
ಸೀಲ್ ಒಡೆಯುವ ಮುನ್ನ ಓದಬಯಸುವ ಗಿರಾಕಿ