ರುಚಿ ನೋಡದ ಅಡುಗೆಭಟ್ಟನಿಗೆ ಕೈಪಿಡಿ

ಟೆರಾಫಾರ್ಮ್ ಎಂಬುದು ಕ್ಲೌಡಿನಲ್ಲಿ ಸರ್ವರು, ಡೇಟಾಬೇಸು, ನೆಟ್‌ವರ್ಕುಗಳನ್ನು ಎಬ್ಬಿಸುವ, ಬೇಡವಾದಾಗ ಕೆಡವುವ ಸಾಧನ. 2014ರಲ್ಲಿ ಹಾಶಿಕಾರ್ಪ್ ಸಂಸ್ಥೆ ಹೊರತಂದದ್ದು. ಬೇಕಾದುದನ್ನು ಫೈಲಿನಲ್ಲಿ ಬರೆದಿಟ್ಟರೆ ‘ಪ್ಲಾನ್’ ಎಂಬ ಕಮಾಂಡು ಏನೇನು ಆಗಲಿದೆಯೆಂದು ಪಟ್ಟಿ ಕೊಡುತ್ತದೆ. ‘ಅಪ್ಲೈ’ ಎಂಬುದು ಮಾಡಿ ಮುಗಿಸುತ್ತದೆ. ಇಂಥ ಸಾಧನಗಳ ಕೈಪಿಡಿಗಳನ್ನು ಇಷ್ಟು ಕಾಲ ಮನುಷ್ಯರಿಗಾಗಿ ಬರೆಯಲಾಗುತ್ತಿತ್ತು. ಎಂದರೆ, ಯಾರೂ ಓದುವುದಿಲ್ಲವೆಂಬ ನೆಮ್ಮದಿಯಲ್ಲಿ ಬರೆಯಲಾಗುತ್ತಿತ್ತು. ಈಗ ಕಮಾಂಡು ಕೊಡುವ ಕೆಲಸ ಎಐ ಏಜೆಂಟುಗಳ ಪಾಲಿಗೆ ಬರುತ್ತಿದೆ. ಅವು ಓದುತ್ತವೆ, ಓದಿದ್ದನ್ನು ನಂಬಿಯೂ ಬಿಡುತ್ತವೆ.

ಹಳೆಯ ಕೈಪಿಡಿ ಅಡುಗೆ ಪುಸ್ತಕದ ಜಾತಿಯದು. ‘ಉಪ್ಪು ರುಚಿಗೆ ತಕ್ಕಷ್ಟು’ ಎಂದು ಬರೆದವರಿಗೆ ಓದುವವರ ಬಾಯಲ್ಲಿ ನಾಲಗೆ ಇರುತ್ತದೆಂಬ ಭರವಸೆ. ‘ರೀಜನ್ನನ್ನು ನಿಮ್ಮ ಅಗತ್ಯಕ್ಕೆ ತಕ್ಕಂತೆ ಬದಲಿಸಿಕೊಳ್ಳಿ’ ಎಂಬ ಸಾಲೂ ಅಷ್ಟೇ. ಉದಾಹರಣೆಯಲ್ಲಿ ರೀಜನ್, ಎಂದರೆ ಸರ್ವರು ಇರುವ ಪ್ರದೇಶ, ‘ಯುಎಸ್-ಈಸ್ಟ್-1’ ಎಂದಿದ್ದರೆ ಏಜೆಂಟು ಅದನ್ನೇ ಎತ್ತಿ ಇಡಬಹುದು. ಮುಂಬೈಯಲ್ಲಿ ಅಮೆಜಾನಿನ ಕ್ಲೌಡು 2016ರಿಂದಲೇ ಇದ್ದರೂ, ಬೆಂಗಳೂರಿನ ಕಂಪನಿಯ ಸರ್ವರು ಹೋಗಿ ಅಮೆರಿಕದ ವರ್ಜೀನಿಯಾದಲ್ಲಿ ಎದ್ದು ನಿಲ್ಲುತ್ತದೆ. ‘ಮೈ-ಬಕೆಟ್’ ಎಂಬ ಮಾದರಿ ಹೆಸರಿನ ಕಥೆ ಇನ್ನೂ ಸೊಗಸು. ಅಮೆಜಾನಿನ ಸಂಗ್ರಹ ಸೇವೆಯಾದ ಎಸ್3ಯಲ್ಲಿ ಬಕೆಟ್ಟಿನ, ಎಂದರೆ ಫೈಲು ತುಂಬಿಡುವ ಡಬ್ಬಿಯ, ಒಂದು ಹೆಸರನ್ನು ಒಬ್ಬರು ಹಿಡಿದರೆ ಇನ್ನೊಬ್ಬ ಗ್ರಾಹಕರಿಗೆ ಅದು ಸಿಗುವುದಿಲ್ಲ. ಅಂಥ ಸಲೀಸಾದ ಹೆಸರನ್ನು ಯಾರಾದರೂ ಬಿಟ್ಟಾರೆಯೇ? ಎರರ್ ಬಂದಾಗ ಏಜೆಂಟು ಬೇಸರಪಡದೆ ‘ಮೈ-ಬಕೆಟ್-2’ ಎನ್ನುತ್ತದೆ, ಆಮೇಲೆ ‘ಮೈ-ಬಕೆಟ್-ಫೈನಲ್’ ಎನ್ನುತ್ತದೆ. ಆದ್ದರಿಂದ ಏಜೆಂಟಿನ ಕೈಪಿಡಿಯಲ್ಲಿ ಮೊದಲು ಬರೆಯಬೇಕಾದ್ದು: ಉದಾಹರಣೆಯ ಯಾವ ಪದ ಹಾಗೇ ಇರಬೇಕು, ಯಾವುದು ಬದಲಾಗಬೇಕು, ಬದಲಿಸುವ ಮೊದಲು ಯಾರನ್ನು ಕೇಳಬೇಕು.

ಎರಡನೆಯದು ಮಾತುಕತೆಯ ಸಮಸ್ಯೆ. ‘ಅಪ್ಲೈ’ ಕೊಟ್ಟಾಗ ಟೆರಾಫಾರ್ಮ್ ನಿಂತು ಒಪ್ಪಿಗೆ ಕೇಳುತ್ತದೆ. ‘ಯೆಸ್’ ಎಂದು ಪೂರ್ತಿ ಬರೆಯಬೇಕು. ಬರೀ ‘ವೈ’ ಒತ್ತಿದರೆ ಕೆಲಸವೇ ರದ್ದು. ಏಜೆಂಟಿಗೆ ಈ ಪ್ರಶ್ನೆ ಎಷ್ಟೋ ಸಲ ಕಾಣುವುದೇ ಇಲ್ಲ. ಟರ್ಮಿನಲ್ಲು ಏಜೆಂಟಿಗೆ, ಏಜೆಂಟು ಟರ್ಮಿನಲ್ಲಿಗೆ ಕಾಯುತ್ತ, ಮದುವೆಮನೆಯ ಬಾಗಿಲಲ್ಲಿ ‘ನೀವು ಮೊದಲು ನಡೀರಿ’ ಎಂದು ನಿಂತ ಬೀಗರ ಹಾಗೆ ಇಬ್ಬರೂ ಉಳಿದುಬಿಡುತ್ತಾರೆ. ಕೊನೆಗೆ ಏಜೆಂಟು ಕೈಪಿಡಿಯಲ್ಲಿ ಹುಡುಕಿ ‘ಆಟೊ-ಅಪ್ರೂವ್’ ಎಂಬ ಫ್ಲಾಗನ್ನು ಪತ್ತೆಮಾಡುತ್ತದೆ. ಕೇಳದೆ ಮಾಡು ಎಂಬುದು ಅದರ ಅರ್ಥ. ಆ ಫ್ಲಾಗಿನ ಪಕ್ಕದಲ್ಲೇ ‘ಪ್ರೊಡಕ್ಷನ್ನಿನಲ್ಲಿ, ಎಂದರೆ ಜನ ಬಳಸುತ್ತಿರುವ ವ್ಯವಸ್ಥೆಯಲ್ಲಿ, ಬೇಡ’ ಎಂದಿರಬೇಕು. ಪುಟದ ಕೊನೆಯ ಟಿಪ್ಪಣಿಯಲ್ಲಿದ್ದರೆ ಸಾಲದು. ಇಷ್ಟು ಓದುವ ಪ್ರಾಣಿಗೂ ಹೊಟ್ಟೆಗೊಂದು ಮಿತಿಯಿದೆ. ಪುಟ ಉದ್ದವಾದರೆ ಮೊದಲ ನೂರು ಸಾಲು ತಿಂದು ಎದ್ದುಬಿಡುವುದುಂಟು.

ಬಣ್ಣವೂ ಕೈಕೊಡುತ್ತದೆ. ಪ್ಲಾನಿನ ಪಟ್ಟಿಯಲ್ಲಿ ಕೆಡವುವ ಸಾಲಿಗೆ ಕೆಂಪು ಬಣ್ಣ. ಡೇಟಾಬೇಸಿನ ಹೆಸರು ಕೆಂಪಾಗಿ ಕಂಡರೆ ಇಂಜಿನಿಯರನ ಹೊಟ್ಟೆಯಲ್ಲಿ ಏನೋ ಕಲಸಿದಂತಾಗುತ್ತದೆ, ಕೈ ಕೀಬೋರ್ಡಿನಿಂದ ತಾನಾಗಿ ಹಿಂದೆ ಸರಿಯುತ್ತದೆ. ಏಜೆಂಟಿಗೆ ಆ ಕೆಂಪು ಅರ್ಥವಿಲ್ಲದ ಒಂದಿಷ್ಟು ಚಿಹ್ನೆ. ‘ನೋ-ಕಲರ್’ ಎಂಬ ಫ್ಲಾಗ್ ಹಾಕಿದರೆ ಅದೂ ಇಲ್ಲ. ಹೀಗಾಗಿ ಹೊಟ್ಟೆ ಕಲಸುವ ಕೆಲಸವನ್ನೂ ಕೈಪಿಡಿಯೇ ಮಾಡಬೇಕು: ಪಟ್ಟಿಯ ಕೊನೆಯ ಲೆಕ್ಕದಲ್ಲಿ ಕೆಡವುವವುಗಳ ಸಂಖ್ಯೆ ಸೊನ್ನೆಯಲ್ಲದಿದ್ದರೆ ನಿಲ್ಲು, ಕೇಳು.

ಎಕ್ಸಿಟ್ ಕೋಡಿನದು ಸಣ್ಣ ವಿಷಯ, ಆದರೆ ಒಳ್ಳೆಯ ತಮಾಷೆ. ಕಮಾಂಡು ಮುಗಿದಾಗ 0 ಬಂದರೆ ಕ್ಷೇಮ, ಬೇರೇನು ಬಂದರೂ ಎಡವಟ್ಟು ಎಂಬುದು ಯುನಿಕ್ಸ್ ಲೋಕದ ಹಳೆಯ ರೂಢಿ. ಟೆರಾಫಾರ್ಮ್ ಪ್ಲಾನಿಗೆ ‘ಡೀಟೇಲ್ಡ್-ಎಕ್ಸಿಟ್‌ಕೋಡ್’ ಎಂಬ ಫ್ಲಾಗ್ ಕೊಟ್ಟರೆ 1 ಎಂದರೆ ಎರರ್, 2 ಎಂದರೆ ‘ಎಲ್ಲ ಸರಿಯಿದೆ, ಬದಲಾವಣೆಗಳಿವೆ’. ಇದನ್ನು ಒಂದು ಸಾಲಿನಲ್ಲಿ ಹೇಳದಿದ್ದರೆ ಏಜೆಂಟು 2 ಕಂಡು ಗಾಬರಿಯಾಗಿ, ಸರಿಯಾಗಿದ್ದ ಫೈಲನ್ನು ರಿಪೇರಿ ಮಾಡಲು ಕೂರುತ್ತದೆ.

ಲಾಕಿನದು ಸಣ್ಣ ವಿಷಯವಲ್ಲ. ಒಬ್ಬರು ಕೆಲಸ ಮಾಡುವಾಗ ಇನ್ನೊಬ್ಬರು ನುಗ್ಗದಂತೆ ಟೆರಾಫಾರ್ಮ್ ತಾನು ಎಬ್ಬಿಸಿದ್ದರ ಲೆಕ್ಕವಿಡುವ ಫೈಲಿಗೆ ಬೀಗ ಹಾಕಬಲ್ಲದು. ಒಳಗಿಂದ ಚಿಲಕ ಹಾಕಿದ ಬಚ್ಚಲುಮನೆ ಕಂಡರೆ ಯಾರೋ ಸ್ನಾನಕ್ಕೆ ಹೋಗಿದ್ದಾರೆಂದು ಮನೆಮಂದಿಗೆ ಗೊತ್ತಾಗುತ್ತದೆ. ಏಜೆಂಟಿಗೆ ಕಾಣುವುದು ತೆರೆಯದ ಬಾಗಿಲು ಮಾತ್ರ. ‘ಫೋರ್ಸ್-ಅನ್‌ಲಾಕ್’ ಎಂಬ ಕಮಾಂಡು ಇದೆಯೆಂದು ಓದಿಯೂ ಇರುತ್ತದೆ. ‘ಬೀಗ ಹಾಕಿದ್ದು ನೀನಲ್ಲದಿದ್ದರೆ ಮುಟ್ಟಬೇಡ’ ಎಂಬ ಸಾಲನ್ನು ಆ ಕಮಾಂಡಿಗಿಂತ ಮೊದಲೇ ಬರೆಯಬೇಕಾದ್ದು ಅದಕ್ಕೇ.

ಇವೆಲ್ಲ ಎಲ್ಲಿರಬೇಕೆಂಬುದಕ್ಕೂ ಪದ್ಧತಿ ಬೆಳೆಯುತ್ತಿದೆ. ವೆಬ್‌ಸೈಟುಗಳಲ್ಲಿ ‘ಎಲ್ಎಲ್ಎಂಎಸ್ ಡಾಟ್ ಟೆಕ್ಸ್ಟ್’ ಎಂಬ ಫೈಲಿಡುವ ಸಲಹೆಯನ್ನು 2024ರಲ್ಲಿ ಎಐ ಸಂಶೋಧಕ ಜೆರೆಮಿ ಹೊವರ್ಡ್ ಮುಂದಿಟ್ಟರು. ಪ್ರಾಜೆಕ್ಟಿನೊಳಗೆ ‘ಏಜೆಂಟ್ಸ್ ಡಾಟ್ ಎಂಡಿ’ ಇಡುವುದು 2025ರಲ್ಲಿ ರೂಢಿಗೆ ಬಂತು. ಎರಡೂ ಸಾದಾ ಬರಹದ ಫೈಲುಗಳೇ.

ಕೈಪಿಡಿ ಎಷ್ಟೇ ಚೆನ್ನಾಗಿದ್ದರೂ ಅದು ಮಾತು, ಬೇಲಿಯಲ್ಲ. ಹಾಗಾಗಿ ಏಜೆಂಟಿಗೆ ಸರ್ವರುಗಳನ್ನು ನೋಡಲಷ್ಟೇ ಬರುವ ಕೀಲಿ ಕೊಟ್ಟು, ಪ್ಲಾನನ್ನು ಅದರಿಂದ ಮಾಡಿಸಿ, ಅಪ್ಲೈಯನ್ನು ಮನುಷ್ಯನಿಗೆ ಉಳಿಸುವುದು ವಾಡಿಕೆ. ಪ್ಲಾನು ಮುನ್ನೂರು ಸಾಲಿನದಾಗಿ ಬರುತ್ತದೆ, ಸಂಜೆ ಆರಕ್ಕೆ. ಮನುಷ್ಯ ಅದನ್ನು ಕೊನೆಯವರೆಗೆ ಸರ್ರನೆ ಉರುಳಿಸಿ ‘ಯೆಸ್’ ಎಂದು ಪೂರ್ತಿಯಾಗಿ ಬರೆಯುತ್ತಾನೆ.