ಇದೇ ಟೈಟಲ್ ಆಗಬೇಕಿತ್ತು!

ನಮ್ಮಕ್ಕನ ಮಗಳಿಗೆ ಕೊರಿಯಾದ ಪಾಪ್ ಹಾಡಿನ ಹುಚ್ಚು. ಬರೀ ಹುಚ್ಚಾಗಿದ್ದರೆ ಚಿಂತೆಯಿರಲಿಲ್ಲ, ಇವಳದು ಯಾರೂ ಕೇಳದ ಹಾಡಿನ ಹುಚ್ಚು. ಹೊಸ ಆಲ್ಬಂ ಬಂದ ದಿನ ಅವಳ ಗೆಳತಿಯರೆಲ್ಲ ಟೈಟಲ್ ಹಾಡಿಗೆ ಕುಣಿಯುತ್ತಿದ್ದರೆ, ಇವಳು ಮೂಲೆಯಲ್ಲಿ ಕೂತು ಐದನೆಯ ಹಾಡು ಕೇಳುತ್ತ, "ಅನ್ಯಾಯ ಮಾವ, ಇದೇ ಟೈಟಲ್ ಆಗಬೇಕಿತ್ತು!" ಎಂದು ನಿಟ್ಟುಸಿರು ಬಿಡುತ್ತಾಳೆ.

ಟೈಟಲ್ ಅಂದರೆ ಆಲ್ಬಮ್ಮಿನ ಹೆಸರಿನ ಹಾಡೇ ಆಗಬೇಕೆಂದಿಲ್ಲ. ಕಂಪನಿಯವರು ಮೆರವಣಿಗೆಗೆ ಆರಿಸಿದ ಹಾಡು, ಅಷ್ಟೆ. ಗುರುವಾರ 'ಎಂ ಕೌಂಟ್‌ಡೌನ್', ಶುಕ್ರವಾರ 'ಮ್ಯೂಸಿಕ್ ಬ್ಯಾಂಕ್', ಭಾನುವಾರ 'ಇಂಕಿಗಾಯೊ' ಅಂತ ಟೀವಿಯಿಂದ ಟೀವಿಗೆ ಅದನ್ನೇ ಹೊತ್ತು ತಿರುಗುತ್ತಾರೆ. ಮಿಕ್ಕವಕ್ಕೆ ಅಲ್ಲಿ 'ಸುರೋಕ್‌ಗೋಕ್' ಎಂದು ಹೆಸರು, ಒಳಗೆ ಸೇರಿಸಿದ ಹಾಡು ಎಂದರ್ಥ. ಜಾಗ ಇದೆ, ಇವನೂ ಬರಲಿ ಎಂದು ಜೀಪಿಗೆ ಹತ್ತಿಸಿಕೊಂಡ ಹಾಗೆ! ನಮ್ಮ ಹುಡುಗಿಯ ಬಾಯಲ್ಲಿ ಅದು 'ಬಿ ಸೈಡ್'. ಪೆನ್ಸಿಲ್ ತೂರಿಸಿ ಕ್ಯಾಸೆಟ್ ಸುತ್ತಿದವರು ನಾವು, ಸೈಡಿನ ಮಾತು ಆಡುವವಳು ಇವಳು. ದುಡ್ಡು ಸುರಿದು ತರಿಸಿದ ಆಲ್ಬಮ್ಮಿನ ಫೋಟೊಕಾರ್ಡಿಗೆ ಪ್ಲಾಸ್ಟಿಕ್ ಕವರು ತೊಡಿಸಿ ಜೋಪಾನ ಮಾಡುತ್ತಾಳೆ. ಸಿ.ಡಿ. ಹಾಕೋಣವೆಂದರೆ ಮನೆಯಲ್ಲಿ ಪ್ಲೇಯರೇ ಇಲ್ಲ.

ಆದರೂ ಅವಳ ವಾದದಲ್ಲಿ ಹುರುಳಿಲ್ಲ ಅನ್ನಲಾರೆ. ಟೈಟಲ್ ಹಾಡಿಗೆ ಮೈತುಂಬ ಕೆಲಸ. ಮೂರು ನಿಮಿಷದೊಳಗೆ ತಂಡದವರಿಗೆಲ್ಲ ಸಾಲು ಹಂಚಬೇಕು, ಊರೆಲ್ಲ ಅನುಕರಿಸುವಂಥ ಒಂದು ಹೆಜ್ಜೆ ಬೇಕು, ಕ್ಯಾಮೆರಾ ಹತ್ತಿರ ಬಂದಾಗ ಕಣ್ಣು ಹೊಡೆಯಲು ಪುರಸೊತ್ತು ಬೇಕು. ಒಳಗಿನ ಹಾಡಿಗೆ ಈ ತಾಪತ್ರಯ ಇಲ್ಲ. ಎಫ್‌ಎಕ್ಸ್ ತಂಡದ 'ಪಿಂಕ್ ಟೇಪ್' (2013) ನೋಡಿ. ಟೈಟಲ್ ಹಾಡು ಮೊದಲ ಪ್ರೇಮವನ್ನು ಬುದ್ಧಿಹಲ್ಲಿಗೆ ಹೋಲಿಸುತ್ತದೆ. ಆ ಹಲ್ಲಿಗೆ ಕೊರಿಯನ್ ಭಾಷೆಯಲ್ಲಿ 'ಪ್ರೇಮದ ಹಲ್ಲು' ಎಂದೇ ಹೆಸರಂತೆ. ಬುದ್ಧಿಯೋ ಪ್ರೇಮವೋ, ಬರುವಾಗ ದವಡೆ ಊದುವುದಂತೂ ಖಾತ್ರಿ. ಅದರ ಬೆನ್ನಿಗೇ 'ಶ್ಯಾಡೊ' ಎಂಬ ಹಾಡಿದೆ. ಮಕ್ಕಳ ಆಟಿಕೆಯಂಥ ಮುದ್ದು ಸಂಗೀತ, ಮಾತು ಮಾತ್ರ ಒಬ್ಬರನ್ನು ಕದ್ದು ಹಿಂಬಾಲಿಸುವವಳದು. ಇನ್ನು ರೆಡ್ ವೆಲ್ವೆಟ್ ತಂಡದ 'ಕಿಂಗ್‌ಡಮ್ ಕಮ್' ಬಗ್ಗೆ ಇವಳು ಶುರುಮಾಡಿದರೆ ನನ್ನ ಕಾಫಿ ಆರಿಹೋಗುತ್ತದೆ.

"ಅಲ್ಲ ಕಣೇ, ನಿನ್ನ ಹಾಡನ್ನೇ ಟೈಟಲ್ ಮಾಡಿಬಿಟ್ಟಿದ್ದರೆ?" ಎಂದೆ.

"ಆಗ ಇನ್ನೊಂದಕ್ಕೆ ಅನ್ಯಾಯ ಆಗ್ತಿತ್ತಲ್ಲ!"

ನನ್ನನ್ನು ಕೆಡಿಸಿದ್ದು ಗಾಯಕಿ ಐಯು. 2015ರ 'ಚಾಟ್-ಶೈರ್'ನಲ್ಲಿ ಟೈಟಲ್ ಹಾಡು 'ಟ್ವೆಂಟಿ ತ್ರೀ'. ಕೊರಿಯನ್ ಲೆಕ್ಕದಲ್ಲಿ ಆಗ ಆಕೆಗೆ ಅಷ್ಟೇ ವಯಸ್ಸು. ತುಂಟಾಟ, ಥಳುಕು ಎಲ್ಲ ಅದರ ಪಾಲಿಗೆ. ಅದೇ ಆಲ್ಬಮ್ಮಿನ ಒಳಗೆ ಆಕೆಯೇ ಬರೆದು ರಾಗ ಹಾಕಿದ 'ಮುರುಪ್' ಇದೆ, ಅಂದರೆ ಮೊಣಕಾಲು. ಗಿಟಾರ್ ಬಿಟ್ಟರೆ ಹೆಚ್ಚೇನೂ ಇಲ್ಲ. ಎಲ್ಲರೂ ಮಲಗಿದ ಮೇಲೆ ಒಬ್ಬಳಿಗೆ ನಿದ್ದೆ ಹತ್ತುವುದಿಲ್ಲ, ಚಿಕ್ಕಂದಿನ ಹಾಗೆ ತೊಡೆಯ ಮೇಲೆ ಮಲಗಿಸಿಕೊಂಡು ತಲೆ ನೇವರಿಸಲಿ ಅನ್ನಿಸುತ್ತದೆ. ಭಾಷೆ ಬಾರದ ನನಗೂ ರಾತ್ರಿ ಒಂದು ಗಂಟೆಗೆ ಅದು ಅರ್ಥವಾಯಿತು. ಮರುದಿನವೂ ಕೇಳಿದೆ. ಮೂರನೆಯ ದಿನ ಆಫೀಸಿಗೆ ಹೋಗುತ್ತ ಮೆಟ್ರೋದಲ್ಲೂ.

ನಾನು ಕೇಳುವುದು ನಮ್ಮ ಹುಡುಗಿಯ ಅಕೌಂಟಿನಲ್ಲೇ. ಭಾನುವಾರ ಫೋನ್ ಹಿಡಿದು ಬಂದವಳ ಮುಖ ಗಂಟುಬಿದ್ದಿತ್ತು.

"ಮಾವ, ಇದು ನನ್ನ ಹಾಡು. ಈಗ ಇದನ್ನೂ ಎಲ್ಲರೂ ಕೇಳೋಕೆ ಶುರುಮಾಡಿದ್ರಾ?"

ಎಲ್ಲರೂ ಅಂದರೆ ನಾನೊಬ್ಬ.