ರಾಯರೂ ಕೆಂಪು ದೀಪವೂ

ಲೋಕದಲ್ಲಿ ಕಾರನ್ನು ಓಡಿಸಬಲ್ಲವರು ಅನೇಕರು. ಅದನ್ನು ದುರಸ್ತಿ ಮಾಡಬಲ್ಲವರು ಕೆಲವರು. ಇವೆರಡರಲ್ಲಿ ಯಾವುದೊಂದನ್ನೂ ಅರಿಯದೆ, ಆದರೂ ಎಲ್ಲಿ ಯಾರ ಕಾರಿನ ಬಾನೆಟ್ಟು ಮೇಲೆದ್ದರೂ ಅಲ್ಲಿ ಕರೆಯದೆಯೇ ಪ್ರತ್ಯಕ್ಷರಾಗಿ, ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡು, ತಲೆಯನ್ನು ತುಸು ಓರೆಮಾಡಿ, ಗಂಭೀರವಾದ ಒಂದು ಹೂಂಕಾರವನ್ನು ಹೊರಡಿಸಿ ನಿಲ್ಲುವ ಮೂರನೆಯ ವರ್ಗವೊಂದುಂಟು. ಈ ಮಹನೀಯರಿಲ್ಲದ ಊರು ನಮ್ಮ ರಾಜ್ಯದಲ್ಲಿ ಇರಲಾರದು. ಹಾಸನದ ನಮ್ಮ ಬಡಾವಣೆಯಲ್ಲಿ ಆ ಪೀಠವನ್ನು ಅಲಂಕರಿಸಿರುವವರು ರಾಯರು. ಅವರಿಗೆ ತಂದೆತಾಯಿಗಳಿಟ್ಟ ಹೆಸರೊಂದು ಇದ್ದೇ ಇರಬೇಕು. ಆದರೆ ನಾವಾರೂ ಅದನ್ನು ಕೇಳಿದವರಲ್ಲ, ಅವರೂ ಹೇಳಿದವರಲ್ಲ.

ರಾಯರು ಸರ್ಕಾರಿ ಸೇವೆಯಿಂದ ನಿವೃತ್ತರು. ಸೇವೆಯ ಬಹುಭಾಗವನ್ನು ಅವರು ಇಲಾಖೆಯ ಅಂಬಾಸಡರ್ ಕಾರಿನಲ್ಲಿ, ಸಾಹೇಬರು ಹಿಂದೆ ಕುಳಿತಿರಲು, ಚಾಲಕನ ಪಕ್ಕದ ಆಸನದಲ್ಲಿ ಕಡತಗಳನ್ನು ತೊಡೆಯ ಮೇಲಿಟ್ಟುಕೊಂಡು ಕಳೆದವರಾದ್ದರಿಂದ, ಅವರ ಸಮಸ್ತ ಯಂತ್ರಜ್ಞಾನವೂ ಆ ಎಡಗಡೆಯ ಸೀಟಿನಲ್ಲಿಯೇ ಉದ್ಭವಿಸಿ ಅಲ್ಲಿಯೇ ಪರಿಪಕ್ವವಾದದ್ದು. ಉತ್ತರಪಾರಾದ ಕಾರ್ಖಾನೆ 2014ರಲ್ಲಿ ಅಂಬಾಸಡರ್ ತಯಾರಿಕೆಯನ್ನು ನಿಲ್ಲಿಸಿತೆಂಬ ವಾರ್ತೆ ಬಂದ ದಿನ ರಾಯರು ಮಧ್ಯಾಹ್ನದ ಕಾಫಿಯನ್ನು ಬಿಟ್ಟರೆಂದು ಅವರ ಮನೆಯವರು ಹೇಳುತ್ತಾರೆ. ಅದಾದ ಮೇಲೆ ಬಂದ ಕಾರುಗಳೆಲ್ಲವೂ ಅವರ ದೃಷ್ಟಿಯಲ್ಲಿ ಶಾಸ್ತ್ರಬಾಹಿರವಾದವು. ಆದರೂ ಅವುಗಳ ರೋಗಕ್ಕೆ ಮದ್ದು ಹೇಳುವ ಔದಾರ್ಯವನ್ನು ಅವರು ಬಿಟ್ಟುಕೊಟ್ಟಿಲ್ಲ.

ಎಲ್ಲ ರೋಗಗಳಲ್ಲಿಯೂ ರಾಯರಿಗೆ ಪರಮಪ್ರಿಯವಾದದ್ದು ಎಂಜಿನ್ನು ಕಾಯುವ ರೋಗ. ಹಿಂದಿನ ಕಾರುಗಳಲ್ಲಿ ಶಾಖವನ್ನು ತೋರುವ ಮುಳ್ಳೊಂದಿದ್ದು, ಅದು ಮೆಲ್ಲಮೆಲ್ಲನೆ ಏರುವುದನ್ನು ನೋಡುತ್ತ ಚಾಲಕನು ಮುಂದಿನ ವಿಪತ್ತಿಗೆ ಮನಸ್ಸನ್ನು ಸಿದ್ಧಗೊಳಿಸಿಕೊಳ್ಳುವ ಅವಕಾಶವಿತ್ತು. ಈಗಿನ ಅನೇಕ ಕಾರುಗಳಲ್ಲಿ ಆ ಮುಳ್ಳು ಮಾಯವಾಗಿ, ಅಲೆಗಳ ಮೇಲೆ ನಿಂತ ಉಷ್ಣಮಾಪಕದಂಥ ಒಂದು ಸಣ್ಣ ಚಿತ್ರ ಮಾತ್ರ ಉಳಿದಿದೆ: ಎಂಜಿನ್ನು ಇನ್ನೂ ತಣ್ಣಗಿದ್ದರೆ ಅದು ನೀಲಿಯಾಗಿ ಬೆಳಗುತ್ತದೆ, ಹದಕ್ಕೆ ಬಂದಾಗ ಆರುತ್ತದೆ, ಮಿತಿಮೀರಿ ಕಾಯ್ದರೆ ಕೆಂಪಾಗಿ ಹೊತ್ತಿಕೊಳ್ಳುತ್ತದೆ. ಮಾಗಿಯ ಒಂದು ಮುಂಜಾನೆ ನಮ್ಮ ಬೀದಿಯ ಲೆಕ್ಚರರೊಬ್ಬರು ಕಾರನ್ನು ಚಾಲೂ ಮಾಡಿದಾಗ ನೀಲಿ ದೀಪವನ್ನು ಕಂಡ ರಾಯರು, ಇದು ವಿಷ ಏರಿದ ಲಕ್ಷಣವೆಂದು ಘೋಷಿಸಿ, ಒಂದು ಬಕೆಟ್ ನೀರನ್ನು ತರಿಸಿದರು. ನೀರು ಬರುವಷ್ಟರಲ್ಲಿ ಎಂಜಿನ್ನು ಬೆಚ್ಚಗಾಗಿ ದೀಪ ತಾನಾಗಿಯೇ ಆರಿತು. ‘ನೋಡಿದಿರಾ, ನೀರನ್ನು ಕಂಡ ಮಾತ್ರಕ್ಕೇ ಹೇಗೆ ಅಡಗಿತು!’ ಎಂದರು ರಾಯರು. ಲೆಕ್ಚರರು ಆ ನೀರನ್ನು ಗುಲಾಬಿ ಗಿಡಕ್ಕೆ ಹಾಕಿದರು.

ಅವರ ವೈದ್ಯಪದ್ಧತಿ ಸ್ವತಂತ್ರವಾದದ್ದು. ಎಂಜಿನ್ನಿಗೂ ವಾತ, ಪಿತ್ತ, ಕಫಗಳುಂಟು. ಕೆಂಪು ದೀಪವೆಂದರೆ ಪಿತ್ತಪ್ರಕೋಪ. ಕೂಲೆಂಟಿನಲ್ಲಿ ಹಸಿರು ಬಣ್ಣದ್ದು ಶೀತ, ಕೆಂಪು ಬಣ್ಣದ್ದು ಉಷ್ಣ. ಆದಕಾರಣ ಮಲೆನಾಡಿಗೆ ಕೆಂಪು, ಬಯಲುಸೀಮೆಗೆ ಹಸಿರು. ಆ ಬಣ್ಣವನ್ನು ತಯಾರಕರು ತಮ್ಮ ತಮ್ಮ ಗುರುತಿಗಾಗಿ ಬೆರೆಸುತ್ತಾರೆಂದೂ, ಗಮನಿಸಬೇಕಾದದ್ದು ತುಕ್ಕುನಿರೋಧಕ ರಾಸಾಯನಿಕ ಯಾವುದೆಂಬುದನ್ನೇ ಎಂದೂ ಯಾರಾದರೂ ತಿಳಿಸಹೋದರೆ, ರಾಯರು ಕನಿಕರದಿಂದ ನಗುತ್ತಾರೆ. ವಾಸ್ತವವಾಗಿ ಕೂಲೆಂಟಿನ ಮೇಲೆಯೇ ಅವರಿಗೆ ಶ್ರದ್ಧೆ ಸಾಲದು. ‘ಹೇಮಾವತಿಯ ನೀರು ಇರುವಾಗ ಈ ಬಣ್ಣದ ಪಾನಕ ಏಕೆ?’ ಎಂಬುದು ಅವರ ಸಿದ್ಧಾಂತ. ಬರಿಯ ನೀರು ಒಳಗೆ ತುಕ್ಕನ್ನು ಹಿಡಿಸುವುದೆಂದೂ, ಬೋರಿನ ಗಡಸು ನೀರಾದರಂತೂ ರೇಡಿಯೇಟರಿನ ಸಣ್ಣ ನಾಳಗಳಲ್ಲಿ ಸುಣ್ಣ ಕಟ್ಟುವುದೆಂದೂ ಗ್ಯಾರೇಜಿನವರು ಹೇಳಿದರೆ, ಅದು ಡಬ್ಬಿ ಮಾರುವವರ ಮಾತೆಂದು ತಳ್ಳಿಹಾಕುತ್ತಾರೆ. ಥರ್ಮೋಸ್ಟಾಟಿನ ವಿಷಯದಲ್ಲಿ ಅವರ ತೀರ್ಪು ಇನ್ನೂ ಕಠಿಣ. ಶಾಖ 80 ರಿಂದ 90 ಡಿಗ್ರಿಯ ಆಸುಪಾಸಿಗೆ ಬಂದಾಗ ಒಳಗಿನ ಮೇಣ ಕರಗಿ ಹಿಗ್ಗಿ, ರೇಡಿಯೇಟರಿಗೆ ದಾರಿ ಬಿಡುವ ಆ ಪುಟ್ಟ ಕವಾಟವನ್ನು ಅವರ ಕಾಲದ ಚಾಲಕರು ಕಿತ್ತು ಬಿಸಾಡುತ್ತಿದ್ದರಂತೆ. ‘ಹಿಮ ಬೀಳುವ ದೇಶದವರಿಗೆ ಅದು ಬೇಕು; ನಮಗೇತಕ್ಕೆ?’ ಕಿತ್ತ ಮೇಲೆ ಎಂಜಿನ್ನು ಹದವಾಗಿ ಬೆಚ್ಚಗಾಗದೆ ಪೆಟ್ರೋಲನ್ನು ಹೆಚ್ಚಾಗಿ ಕುಡಿಯುತ್ತಿದ್ದುದು ಇಲಾಖೆಯ ಲೆಕ್ಕಕ್ಕೆ ಹೋಗುತ್ತಿದ್ದುದರಿಂದ, ಆ ಅಂಶ ರಾಯರ ಅನುಭವದ ವ್ಯಾಪ್ತಿಗೆ ಬರಲಿಲ್ಲ.

ಇನ್ನು ಪರೀಕ್ಷಾಕ್ರಮ. ಒಮ್ಮೆ ಯಾರದೋ ಕಾರಿನ ಕೆಳಗೆ ಹಸಿರು ಹನಿಯೊಂದು ಬಿದ್ದುದನ್ನು ಕಂಡು, ಅದು ಏ.ಸಿ. ನೀರೋ ಕೂಲೆಂಟೋ ಎಂಬ ವಾದವುಂಟಾದಾಗ, ರಾಯರು ಬಗ್ಗಿ, ಉಂಗುರದ ಬೆರಳಿನ ತುದಿಯಿಂದ ಅದನ್ನು ತೆಗೆದು, ಪಂಚಾಮೃತವನ್ನು ಸ್ವೀಕರಿಸುವ ವಿನಯದಿಂದಲೇ ನಾಲಗೆಗೆ ಸೋಂಕಿಸಿ, ಕಣ್ಣು ಮುಚ್ಚಿ, ‘ಸಿಹಿ, ಕೂಲೆಂಟೇ’ ಎಂದರು. ತೀರ್ಪು ಸರಿಯಾಗಿತ್ತು. ಆ ಸಿಹಿ ಎಥಿಲೀನ್ ಗ್ಲೈಕಾಲಿನದು. ಸಿಹಿಯೆಂದೇ ನಾಯಿಗಳು ನೆಕ್ಕಿ ಸಾಯುತ್ತವೆ, ಮನುಷ್ಯರ ಮೂತ್ರಪಿಂಡಗಳೂ ಅದರಿಂದ ಕೆಡುತ್ತವೆ. ಇದನ್ನು ತಿಳಿಸಿದ ಮೇಲೆ ರಾಯರು ಎರಡು ದಿನ ಮನೆಯಿಂದ ಹೊರಬರಲಿಲ್ಲ. ಮೂರನೆಯ ದಿನ, ಜೀವದ ಹಂಗು ತೊರೆದು ಸತ್ಯಶೋಧನೆ ಮಾಡಿದವರ ತೇಜಸ್ಸಿನಿಂದ ಹಾಲಿನ ಅಂಗಡಿಯ ಮುಂದೆ ಕಾಣಿಸಿಕೊಂಡರು.

ಮಳೆಗಾಲ ಮುಗಿದ ಮೇಲೆ ನನ್ನ ಸೋದರಳಿಯನ ಕಾರಿನಲ್ಲಿ ನಾವೆಲ್ಲ ಧರ್ಮಸ್ಥಳಕ್ಕೆ ಹೋಗಿದ್ದೆವು. ರಾಯರೂ ಬಂದಿದ್ದರು, ಮುಂದಿನ ಸೀಟು ಅವರದೇ ಎಂಬುದನ್ನು ಯಾರೂ ಪ್ರಶ್ನಿಸಲಿಲ್ಲ. ಹಿಂದಿರುಗುವಾಗ ಉಜಿರೆಯನ್ನು ದಾಟಿ ಚಾರ್ಮಾಡಿ ಘಾಟಿಯನ್ನು ಏರುತ್ತಿರಲು, ಸರಕಿನ ಲಾರಿಯೊಂದರ ಹಿಂದೆ ಬಹುದೂರ ತೆವಳಬೇಕಾಗಿ ಬಂದು, ಒಂದು ತಿರುವಿನಲ್ಲಿ ಆ ಕೆಂಪು ದೀಪ ಹೊತ್ತಿಕೊಂಡಿತು.

‘ನಿಲ್ಲಿಸಪ್ಪಾ, ನಿಲ್ಲಿಸು. ಪಿತ್ತ ಕೆರಳಿದೆ’ ಎಂದರು ರಾಯರು. ಅವರ ಧ್ವನಿಯಲ್ಲಿದ್ದುದು ಆತಂಕವಲ್ಲ, ಅಪ್ಪಟ ಆನಂದ.

ರಸ್ತೆಯ ಅಂಚಿನಲ್ಲಿ ಜಾಗ ನೋಡಿ ಕಾರನ್ನು ನಿಲ್ಲಿಸಿದ ನನ್ನ ಸೋದರಳಿಯ, ಯಾವ ಪ್ರಶ್ನೆಯನ್ನು ಕೇಳಬಾರದೋ ಅದನ್ನೇ ಕೇಳಿದ: ‘ಏನಾಗಿರಬಹುದು ರಾಯರೇ?’

ರಾಯರು ಇಳಿದು, ಪಂಚೆಯನ್ನು ಎತ್ತಿಕಟ್ಟಿ, ಕೈಗಳನ್ನು ಬೆನ್ನಿಗೆ ಸೇರಿಸಿ ಪ್ರಾರಂಭಿಸಿದರು. ನೀರು ಕಡಿಮೆಯಾಗಿರಬಹುದು, ಪೈಪು ಬಿರಿದಿರಬಹುದು, ಥರ್ಮೋಸ್ಟಾಟು ಕಚ್ಚಿಕೊಂಡಿರಬಹುದು, ವಾಟರ್ ಪಂಪು ಸೋರುತ್ತಿರಬಹುದು, ರೇಡಿಯೇಟರು ಕಟ್ಟಿಕೊಂಡಿರಬಹುದು, ಹೆಡ್ ಗ್ಯಾಸ್ಕೆಟ್ಟೇ ಹೋಗಿ, ಆಯಿಲ್ಲಿಗೆ ನೀರು ಬೆರೆತು ಹಾಲಿನಂತಾಗಿರಬಹುದು, ಇವಾವುದೂ ಅಲ್ಲವಾದರೆ, ಕರೆಂಟಿನ ದೋಷದಿಂದ ಆ ದೀಪವೇ ಸುಳ್ಳು ಹೇಳುತ್ತಿರಬಹುದು. ರಾಯರ ನಿದಾನ ಇಂದಿನವರೆಗೂ ಹುಸಿಯಾಗದಿರುವ ರಹಸ್ಯ ಇದೇ ಎಂದು ನನಗೆ ಬಹಳ ಕಾಲದಿಂದ ಗುಮಾನಿಯಿತ್ತು. ಸಂಭಾವ್ಯ ಕಾರಣಗಳೆಲ್ಲವನ್ನೂ ಮೊದಲೇ ಉಚ್ಚರಿಸಿಬಿಟ್ಟವನನ್ನು ಯಾವ ವಾಸ್ತವವೂ ಸೋಲಿಸಲಾರದು.

ಆದರೆ ಅಂದು ಅವರು ಒಂದನ್ನು ಬಿಟ್ಟಿದ್ದರು. ಸೋದರಳಿಯನ ಹೆಂಡತಿ ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ಮುದ್ರಿತವಾದ ಯಾವ ಕಾಗದವನ್ನೂ ಕೊನೆಯ ಸಾಲಿನವರೆಗೆ ಓದದೆ ಬಿಡುವ ಜಾಯಮಾನ ಅವಳದಲ್ಲ. ಕಾರು ಕೊಂಡ ದಿನದಿಂದ ಪ್ಲಾಸ್ಟಿಕ್ ಹೊದಿಕೆಯಲ್ಲಿಯೇ ನಿದ್ರಿಸುತ್ತಿದ್ದ ಕೈಪಿಡಿಯನ್ನು ಅವಳು ಡ್ಯಾಶ್‌ಬೋರ್ಡಿನ ಗೂಡಿನಿಂದ ಹೊರತೆಗೆದಿದ್ದಳು.

‘ಆವಿ ಬರದೆ ಇದ್ದರೆ ಎಂಜಿನ್ನನ್ನು ಹಾಗೆಯೇ ಬಿಟ್ಟು, ಫ್ಯಾನು ತಿರುಗುತ್ತಿದೆಯೇ ಎಂದು ಮೊದಲು ನೋಡಬೇಕಂತೆ ರಾಯರೇ.’

‘ಅಮ್ಮಾ, ಎಂಜಿನ್ನು ತಿರುಗುತ್ತಿರುವಾಗ ಫ್ಯಾನು ತಿರುಗದೆ ಎಲ್ಲಿಗೆ ಹೋಗುತ್ತದೆ? ಬೆಲ್ಟು ಎಂಬುದೊಂದು ಇದೆಯಲ್ಲ!’

ರಾಯರ ತರ್ಕದಲ್ಲಿ ದೋಷವಿರಲಿಲ್ಲ. ಅಂಬಾಸಡರಿನ ಫ್ಯಾನು ಬೆಲ್ಟಿನ ಮೂಲಕ ಎಂಜಿನ್ನಿಗೇ ಬದ್ಧವಾಗಿದ್ದು, ಬೆಲ್ಟು ಹರಿಯದ ಹೊರತು ಅದಕ್ಕೆ ವಿಶ್ರಾಂತಿಯಿರಲಿಲ್ಲ. ಈ ಕಾರಿನದು ವಿದ್ಯುತ್ ಫ್ಯಾನು. ಶಾಖ ಏರಿದಾಗ ಮಾತ್ರ ತಿರುಗತಕ್ಕದ್ದು. ಬಾನೆಟ್ಟನ್ನೆತ್ತಿ ನೋಡಿದರೆ ಅದು ನಿಶ್ಚಲವಾಗಿತ್ತು. ಎಂಜಿನ್ನನ್ನು ನಿಲ್ಲಿಸಿದೆವು. ಬಯಲಿನ ರಸ್ತೆಯಲ್ಲಿ ವೇಗವಾಗಿ ಹೋಗುವಾಗ ಎದುರುಗಾಳಿಯೇ ರೇಡಿಯೇಟರನ್ನು ತಣಿಸುವುದರಿಂದ ದೋಷ ಅದುವರೆಗೆ ಅಡಗಿದ್ದು, ಲಾರಿಯ ಹಿಂದಿನ ಏರಿನಲ್ಲಿ ಬಯಲಾಗಿತ್ತು.

ರಾಯರು ಅಷ್ಟರಲ್ಲಿ ಹೆಗಲ ಮೇಲಿನ ಟವೆಲ್ಲನ್ನು ಕೈಗೆ ಸುತ್ತಿಕೊಂಡು ರೇಡಿಯೇಟರಿನ ಮುಚ್ಚಳದತ್ತ ಹೊರಟಿದ್ದರು. ಆ ಹುಡುಗಿ ಅವರ ತೋಳನ್ನೇ ಹಿಡಿದು ನಿಲ್ಲಿಸಿದಳು. ಅರ್ಧ ನೀರು, ಅರ್ಧ ಗ್ಲೈಕಾಲು ಸೇರಿದ ದ್ರವ ಬರಿಯ ನೀರಿಗಿಂತ ಹೆಚ್ಚಿನ ಶಾಖದಲ್ಲಿ ಕುದಿಯುತ್ತದೆ. ಮುಚ್ಚಳದ ಸ್ಪ್ರಿಂಗು ಒಳಗಿನ ಒತ್ತಡವನ್ನು ಹಿಡಿದಿಡುವುದರಿಂದ 120 ಡಿಗ್ರಿಯಲ್ಲಿಯೂ ಅದು ಕುದಿಯದೆ ಕಾಯ್ದು ಕುಳಿತಿರಬಲ್ಲದು. ಮುಚ್ಚಳ ತೆರೆದ ಕ್ಷಣದಲ್ಲಿ ಅದೆಲ್ಲವೂ ಆವಿಯೊಡನೆ ಚಿಮ್ಮುವುದು ತೆರೆದವನ ಮುಖಕ್ಕೇ. ‘ನಮ್ಮ ಚಾಲಕ ಹೀಗೆಯೇ ತೆಗೆಯುತ್ತಿದ್ದ’ ಎಂದರು ರಾಯರು. ಆ ಚಾಲಕನ ಬಲಗೈ ಮೊಣಕೈವರೆಗೆ ಸುಟ್ಟಿದ್ದುದನ್ನು ಇನ್ನೊಂದು ಸಂದರ್ಭದಲ್ಲಿ ಅವರೇ ವರ್ಣಿಸಿದ್ದರು.

ಎಂಜಿನ್ನು ಆರುವಷ್ಟು ಹೊತ್ತು ಕಾದೆವು. ಪಾರದರ್ಶಕವಾದ ಪುಟ್ಟ ತೊಟ್ಟಿಯಲ್ಲಿ ಕೂಲೆಂಟು ಮೇಲಿನ ಗೆರೆಗೂ ಕೆಳಗಿನ ಗೆರೆಗೂ ನಡುವೆ ನಿಷ್ಕಳಂಕವಾಗಿ ನಿಂತಿತ್ತು. ಫ್ಯಾನಿನ ಫ್ಯೂಸು ಸುಟ್ಟಿರಲಿಲ್ಲ. ಹಾಗಾದರೆ ಕೆಟ್ಟಿರುವುದು ರಿಲೇ ಇರಬೇಕೆಂದು ಊಹಿಸಿ, ಫ್ಯೂಸು ಪೆಟ್ಟಿಗೆಯ ಮುಚ್ಚಳದ ಒಳಮೈಯಲ್ಲಿ ಅಚ್ಚಾಗಿದ್ದ ನಕ್ಷೆಯನ್ನು ಓದಿದ ಆಕೆ, ಫ್ಯಾನಿನ ರಿಲೇಯೂ ಹಾರ್ನಿನ ರಿಲೇಯೂ ಆ ಕಾರಿನಲ್ಲಿ ಒಂದೇ ಮಾದರಿಯವೆಂಬುದನ್ನು ಕಂಡುಹಿಡಿದು, ಹಾರ್ನಿನದನ್ನು ಕಿತ್ತು ಫ್ಯಾನಿನ ಸ್ಥಾನದಲ್ಲಿ ಕೂರಿಸಿದಳು. ಎಂಜಿನ್ನು ಮತ್ತೆ ಕಾಯ್ದಾಗ ಫ್ಯಾನು ಗೊರ್ರೆಂದು ತಿರುಗಿತು. ನಾವೆಲ್ಲ ಚಪ್ಪಾಳೆ ತಟ್ಟಿದೆವು, ರಾಯರೊಬ್ಬರನ್ನುಳಿದು.

ಫ್ಯಾನೇನೋ ಬಂದಿತು, ಹಾರ್ನು ಹೋಯಿತು. ಚಾರ್ಮಾಡಿಯ ತಿರುವುಗಳಲ್ಲಿ ಹಾರ್ನಿಲ್ಲದೆ ಏರುವುದು ಫ್ಯಾನಿಲ್ಲದೆ ಏರುವುದಕ್ಕಿಂತ ದೊಡ್ಡ ಸಾಹಸ. ಎಲ್ಲರೂ ಒಬ್ಬರ ಮುಖವನ್ನೊಬ್ಬರು ನೋಡುತ್ತಿರಲು, ರಾಯರು ತಾವಾಗಿಯೇ ಎಡಗಡೆಯ ಗಾಜನ್ನು ಪೂರ್ತಿ ಇಳಿಸಿ, ಟವೆಲ್ಲನ್ನು ಕಿವಿಗೆ ಸುತ್ತಿ, ತಲೆಯನ್ನು ಹೊರಗಿಟ್ಟರು. ಮೊದಲನೆಯ ತಿರುವಿನಲ್ಲಿ ಅವರು ‘ಬಂದೆವು, ಬಂದೆವು!’ ಎಂದು ಕೂಗಿದ್ದು ಸ್ವಲ್ಪ ಸಂಕೋಚದಿಂದಲೇ. ಮುಂದಿನದರಲ್ಲಿ ಎದುರಿನಿಂದ ಕೆಂಪು ಬಸ್ಸೊಂದು ಇಳಿದುಬಂದಾಗ ಸಂಕೋಚ ಸಂಪೂರ್ಣವಾಗಿ ಅಳಿದು, ‘ಹೋಯ್’ ಎಂಬ ಏಕಾಕ್ಷರ ಮಂತ್ರ ಅವರ ನಾಭಿಯಿಂದ ಹೊರಟು ಕಣಿವೆಯನ್ನು ತುಂಬಿತು. ಬಸ್ಸಿನವನು ಬ್ರೇಕು ಹಾಕಿ, ಕಿಟಕಿಯಿಂದ ಬಗ್ಗಿ ನೋಡಿ, ಗೌರವದಿಂದ ದಾರಿ ಕೊಟ್ಟ. ಅಂದು ರಾಯರು ಮಾಡಿದ ಸೇವೆಗೆ ಬೆಲೆ ಕಟ್ಟಲಾಗದು. ಅವರ ಜೀವಮಾನದಲ್ಲಿ ಕಾರೊಂದರ ಭಾಗವಾಗಿ ಅವರು ನಿಜವಾಗಿ ಕೆಲಸ ಮಾಡಿದ್ದು ಆ ಅರ್ಧ ಗಂಟೆಯೇ ಎಂದು ನನ್ನ ಅಭಿಪ್ರಾಯ.

ಕೊಟ್ಟಿಗೆಹಾರದಲ್ಲಿ ನೀರುದೋಸೆಗೆಂದು ಇಳಿದಾಗ ಅವರ ಗಂಟಲು ಪೂರ್ತಿ ಕಟ್ಟಿತ್ತು. ಬಿಸಿನೀರನ್ನು ಗುಟುಕರಿಸುತ್ತ ಅವರು ಗಲ್ಲಾದ ಮೇಲಿದ್ದ ಅಪರಿಚಿತನಿಗೆ ಪಿಸುದನಿಯಲ್ಲಿ ಏನನ್ನೋ ಹೇಳುತ್ತಿರುವುದನ್ನು ಕಂಡು ನಾನು ಹತ್ತಿರ ಹೋದೆ. ‘ಕರೆಂಟಿನ ದೋಷ ಅಂತ ನಾನು ಕೆಳಗೇ ಹೇಳಿದ್ದೆ, ಈಗಿನ ಹುಡುಗರು ಪುಸ್ತಕ ನೋಡದೆ ನಂಬುವುದಿಲ್ಲ’ ಎನ್ನುತ್ತಿದ್ದರು. ಆತ ಚಿಲ್ಲರೆ ಎಣಿಸುವುದನ್ನು ಬಿಟ್ಟು, ತನ್ನ ಕಾರೂ ಈಚೆಗೆ ಏರಿನಲ್ಲಿ ಕಾಯುವುದೆಂದು ತಿಳಿಸಿ, ಒಮ್ಮೆ ನೋಡಬಹುದೇ ಎಂದು ಕೇಳಿದ. ನಮ್ಮ ದೋಸೆ ಮುಗಿಯುವಷ್ಟರಲ್ಲಿ ಹೋಟೆಲಿನ ಹಿಂಭಾಗದಲ್ಲಿ ಇನ್ನೊಂದು ಬಾನೆಟ್ಟು ಮೇಲೆದ್ದಿತ್ತು.

ಓದುಗರಲ್ಲಿ ನನ್ನದೊಂದು ವಿಜ್ಞಾಪನೆ. ನಿಮ್ಮ ಬೀದಿಯ ರಾಯರನ್ನು ನೀವು ಕಡೆಗಣಿಸಬೇಡಿ. ಪ್ರವಾಸಕ್ಕೆ ಕರೆದೊಯ್ಯಿರಿ, ಮುಂದಿನ ಸೀಟನ್ನೇ ಕೊಡಿ, ಅವರು ಹೇಳುವ ಕಾರಣಗಳನ್ನೆಲ್ಲ ತಲೆಯಾಡಿಸುತ್ತ ಕೇಳಿ. ಎಂಜಿನ್ನು ಆರಿ, ಮೇಲಿನ ಪೈಪು ಕೈಗೆ ತಣ್ಣಗೆ ತಾಗುವವರೆಗೆ ಅವರನ್ನು ರೇಡಿಯೇಟರಿನ ಮುಚ್ಚಳದ ಬಳಿಗೆ ಮಾತ್ರ ಬಿಡಬೇಡಿ.